ಬಾಡಿಗೆ ಮನೆಯ ಮ್ಯಾಕಿಂಟಾಷ್

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಬ್ರೌಸರಿನಲ್ಲಿ ಒಂದು ಕೊಂಡಿ ಒತ್ತಿದ. ನಗುಮುಖದ ಪುಟ್ಟ ಕಂಪ್ಯೂಟರಿನ ಚಿತ್ರ ಮೂಡಿತು, ಹಿಂದೆಯೇ ಸಿಸ್ಟಮ್ 7ರ ಮೆನು ಪಟ್ಟಿ, ಬಲಗಡೆ ಮೂಲೆಯಲ್ಲಿ ಕಸದ ಬುಟ್ಟಿ. "ಹಳೇ ಚಿಪ್ಪನ್ನ ಸಾಫ್ಟ್‌ವೇರಲ್ಲಿ ನಕಲು ಮಾಡಿಬಿಟ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ ಅಲ್ವಾ ಅಂಕಲ್?" ಅಂದ. ಹುಡುಗನನ್ನು ಬೈಯುವಂತಿಲ್ಲ. ಈ ವಿಷಯದ ಮೇಲೆ ಬರೆಯುವ ದೊಡ್ಡವರೂ ಇದನ್ನೇ ಬರೆಯುತ್ತಾರೆ. ಎಮ್ಯುಲೇಟರ್ ಅಂದರೆ ಚಿಪ್ಪಿನ ನಕಲು, ಅದು ಹುಟ್ಟಿದ್ದೇ ಹಳೆಯ ಆಟಗಳ ಗೀಳಿನಿಂದ ಅನ್ನುವುದು ಈಗ ಎಲ್ಲರೂ ಒಪ್ಪಿಕೊಂಡ ಮಾತು. ಎರಡೂ ತಪ್ಪು. ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ಮೇಲೆ ಮ್ಯಾಕಿಂಟಾಷ್ ಓಡಿಸಿದ್ದು ಹೊಟ್ಟೆಪಾಡಿನ ಕೆಲಸಕ್ಕೆ. ಆ ಕೆಲಸದಲ್ಲಿ ಚಿಪ್ಪು ಸುಲಭದ ಭಾಗವಾಗಿತ್ತು.

ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಂದು ಚಿಪ್ ವಿನ್ಯಾಸ ಕಚೇರಿಯಲ್ಲಿ ಸಿಸ್ಟಮ್ ಅಡ್ಮಿನ್ ಆಗಿದ್ದೆ. ಸರ್ಕ್ಯೂಟು ಬಿಡಿಸುವುದು ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ನಿನಲ್ಲಿ. ಅದರ ವರದಿ ಬರೆಯುವುದಕ್ಕೆ ಮಾತ್ರ ಪಕ್ಕದ ಕೋಣೆಯ ಒಂದೇ ಒಂದು ಮ್ಯಾಕಿಂಟಾಷ್ ಮುಂದೆ ಸರದಿ ಕಾಯಬೇಕು. ಸನ್ ಯಂತ್ರಕ್ಕೆ ವರ್ಡ್ ಇರಲಿಲ್ಲ, ಎಕ್ಸೆಲ್ ಇರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರದಲ್ಲಿ ಒಂದು ಕಾಗದ ಬರೆಯಲಾಗದ ಈ ಪೇಚಾಟ ಎಲ್ಲ ದೇಶದ ಎಂಜಿನಿಯರುಗಳಿಗೂ ಇತ್ತು. ಈ ಕ್ಷೇತ್ರ ಹುಟ್ಟಿದ್ದು ಅಲ್ಲಿಂದ.

ಮೊದಲು ಮ್ಯಾಕಿನ ಒಳಗುಟ್ಟು ತಿಳಿಯಬೇಕು. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಮೋಟರೋಲಾ 68000 ಪ್ರೊಸೆಸರು, 128 ಕಿಲೋಬೈಟ್ ಮೆಮೊರಿ, 64 ಕಿಲೋಬೈಟ್ ರೋಮ್ ಇದ್ದವು. ಕಿಟಕಿ, ಮೆನು, ಅಕ್ಷರ, ಚಿತ್ರ ಎಲ್ಲವನ್ನೂ ಬಿಡಿಸುವ ‘ಟೂಲ್‌ಬಾಕ್ಸ್’ ಕೂತಿದ್ದು ಆ ರೋಮ್‌ನಲ್ಲಿ. 1010 ಎಂಬ ನಾಲ್ಕು ಬಿಟ್‌ಗಳಿಂದ ಶುರುವಾಗುವ ಆದೇಶಗಳಿಗೆ 68000ದಲ್ಲಿ ಅರ್ಥವೇ ಇರಲಿಲ್ಲ. ಅಂಥದ್ದು ಎದುರಾದರೆ ಪ್ರೊಸೆಸರು ಕೈಚೆಲ್ಲಿ ಒಂದು ಗೊತ್ತಾದ ಜಾಗಕ್ಕೆ ಜಿಗಿಯುತ್ತಿತ್ತು. ಆಪಲ್ ಆ ಖಾಲಿ ಜಾಗವನ್ನೇ ಬಾಗಿಲು ಮಾಡಿಕೊಂಡಿತು. ಎ9ಎ0 ಅಂದರೆ ‘ಇಂಥ ರಿಸೋರ್ಸ್ ತಂದುಕೊಡು’, ಎ9ಸಿ8 ಅಂದರೆ ‘ಬೀಪ್ ಅನ್ನು’. ಮ್ಯಾಕ್ ತಂತ್ರಾಂಶದ ಒಂದು ಪುಟ ಬಿಚ್ಚಿ ನೋಡಿದರೆ ಹೆಜ್ಜೆಹೆಜ್ಜೆಗೂ ಈ ಬಾಗಿಲು ಬಡಿಯುವ ಸದ್ದು. ಚಿಪ್ಪನ್ನು ಎಷ್ಟೇ ಚೆನ್ನಾಗಿ ನಕಲು ಮಾಡಿದರೂ ಒಳಗಿನಿಂದ ಓಗೊಡುವವರು ಇಲ್ಲದಿದ್ದರೆ ಕಪ್ಪು ಪರದೆಯೇ ಗತಿ.

ಓಗೊಡುವವರು ಯಾರು? ಈ ಕ್ಷೇತ್ರದ ಪಂಥಗಳೆಲ್ಲ ಕವಲೊಡೆದದ್ದು ಈ ಪ್ರಶ್ನೆಯಲ್ಲಿ. 1983ರಲ್ಲೇ ಆಪಲ್ ಮತ್ತು ಫ್ರ್ಯಾಂಕ್ಲಿನ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ರೋಮ್‌ನೊಳಗಿನ ಪ್ರೋಗ್ರಾಮಿಗೂ ಹಕ್ಕುಸ್ವಾಮ್ಯ ಉಂಟು ಎಂದು ಹೇಳಿಯಾಗಿತ್ತು. ಹಾಗಾಗಿ ಅಟಾರಿ ಎಸ್‌ಟಿಯ ಮ್ಯಾಜಿಕ್ ಸ್ಯಾಕ್, ಅಮಿಗಾದ ಎ-ಮ್ಯಾಕ್ಸ್ ಮೊದಲಾದವು ಆಪಲ್‌ನ ಅಸಲಿ ರೋಮ್ ಚಿಪ್ಪುಗಳನ್ನೇ ಪೆಟ್ಟಿಗೆಯಲ್ಲಿ ಸಿಕ್ಕಿಸಿಕೊಂಡು ಓಡಿದವು. ಅವುಗಳ ಪ್ರೊಸೆಸರೂ 68000 ಆದ್ದರಿಂದ ಕಷ್ಟ ಕಡಿಮೆ, ಹೇಳುವುದೂ ಕಡಿಮೆ. 1988ರಲ್ಲಿ ಆಪಲ್ ತಾನೇ ಹೊರತಂದ ಯುನಿಕ್ಸ್ ‘ಎ/ಯುಎಕ್ಸ್’ ಮ್ಯಾಕ್ ಯಂತ್ರದ ಮೇಲೆ ಯುನಿಕ್ಸ್ ಹಾಸಿ, ಅದರ ಮೇಲೆ ಮತ್ತೆ ಮ್ಯಾಕನ್ನು ಕೂರಿಸಿತು. ಅದು ನಮಗೆ ಬಿಟ್ಟುಹೋದ ಆಸ್ತಿ ಒಂದೇ, ಆಪಲ್‌ಡಬಲ್ ಎಂಬ ಕಡತದ ಏರ್ಪಾಡು. ಆ ಆಸ್ತಿಯ ಬೆಲೆ ನನಗೆ ತಿಳಿದದ್ದು ತಡವಾಗಿ. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕಾಲ ಶುರುವಾದದ್ದು 1990ರ ಆಚೀಚೆ. ಆಗ ಮೂರು ದಾರಿ ಕಂಡವು.

ಒಂದು ದೊಡ್ಡಮನೆಯ ದಾರಿ. ಆಪಲ್ 1994ರಲ್ಲಿ ಸನ್ ಸೊಲಾರಿಸ್ ಮತ್ತು ಎಚ್‌ಪಿ-ಯುಎಕ್ಸ್ ಯಂತ್ರಗಳಿಗೆ ‘ಮ್ಯಾಕಿಂಟಾಷ್ ಅಪ್ಲಿಕೇಷನ್ ಎನ್ವಿರಾನ್‌ಮೆಂಟ್’ ಕೊಟ್ಟಿತು. ನಾವೆಲ್ಲ ಎಂಎಇ ಅನ್ನುತ್ತಿದ್ದೆವು. ಮನೆಯವರೇ ಮಾಡಿದ್ದರಿಂದ ರೋಮ್‌ನ ತಕರಾರು ಇಲ್ಲ. ಎಕ್ಸ್ ವಿಂಡೋದ ಒಂದು ಕಿಟಕಿಯೊಳಗೆ ಇಡೀ ಮ್ಯಾಕು, ನಮ್ಮ ಯುನಿಕ್ಸ್ ಹೋಮ್ ಡೈರೆಕ್ಟರಿ ಫೈಂಡರಿನಲ್ಲಿ ಒಂದು ಫೋಲ್ಡರು. ಮೂರು ಗುಂಡಿಯ ಮೌಸು ಹಿಡಿದವರು ಒಂದೇ ಗುಂಡಿ ಒತ್ತಿಕೊಂಡು ಇರಬೇಕು. ಅನುಕರಿಸಿದ ಪ್ರೊಸೆಸರು 68ಎಲ್‌ಸಿ040, ಅಂದರೆ ದಶಮಾಂಶ ಲೆಕ್ಕದ ಘಟಕ ಇಲ್ಲದ್ದು. ಎಂಜಿನಿಯರುಗಳಿಗೆಂದೇ ಮಾಡಿದ ಸಾಮಾನಿನಲ್ಲಿ ಲೆಕ್ಕದ ಘಟಕವನ್ನೇ ಬಿಟ್ಟದ್ದು ಆಪಲ್‌ನ ಜಾಣತನಕ್ಕೆ ಒಳ್ಳೆಯ ಉದಾಹರಣೆ. 1998ರಲ್ಲಿ ಎಂಎಇಯ ಅಂಗಡಿ ಮುಚ್ಚಿತು.

ಎರಡನೆಯದು ಕ್ವೋರಮ್ ಕಂಪನಿಯ ದಾರಿ. ಅವರ ‘ಈಕ್ವಲ್’ ಕೆಲವೇ ಮ್ಯಾಕ್ ತಂತ್ರಾಂಶಗಳನ್ನು ಸಿಲಿಕಾನ್ ಗ್ರಾಫಿಕ್ಸ್ ಮತ್ತು ಸನ್ ಯಂತ್ರಗಳಲ್ಲಿ ಓಡಿಸುತ್ತಿತ್ತು. ‘ಲ್ಯಾಟಿಟ್ಯೂಡ್’ ಮ್ಯಾಕಿಗೆ ಬರೆದ ಮೂಲ ಸಂಕೇತವನ್ನೇ ಯುನಿಕ್ಸ್‌ಗೆ ಹೊಂದಿಸಿ ಕಂಪೈಲ್ ಮಾಡಲು ಬೇಕಾದ ಟೂಲ್‌ಬಾಕ್ಸ್ ಒದಗಿಸುತ್ತಿತ್ತು. ಅಡೋಬಿಯ ಫೋಟೋಶಾಪ್ 3 ಸಿಲಿಕಾನ್ ಗ್ರಾಫಿಕ್ಸ್ ಯಂತ್ರಕ್ಕೆ ಬಂದದ್ದು ಹೀಗೆ. ಅಲ್ಲಿ ಚಿಪ್ಪಿನ ನಕಲು ಒಂದಿಷ್ಟೂ ಇಲ್ಲ ಎಂಬುದನ್ನು ನಮ್ಮ ಹುಡುಗ ಗಮನಿಸಬೇಕು.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಕ್ಲಿಫರ್ಡ್ ಮ್ಯಾಥ್ಯೂಸ್ ಕಟ್ಟಿದ ಆರ್ಡಿ ಎಂಬ ಪುಟ್ಟ ಕಂಪನಿ, ಅವರ ‘ಎಕ್ಸಿಕ್ಯೂಟರ್’. ಇವರು ಆಪಲ್‌ನ ರೋಮ್ ಮುಟ್ಟಲಿಲ್ಲ, ಸಿಸ್ಟಮ್ ತಂತ್ರಾಂಶವನ್ನೂ ಮುಟ್ಟಲಿಲ್ಲ. ಆಪಲ್ ತಾನೇ ಪ್ರಕಟಿಸಿದ ‘ಇನ್‌ಸೈಡ್ ಮ್ಯಾಕಿಂಟಾಷ್’ ಸಂಪುಟಗಳನ್ನು ಎದುರಿಗಿಟ್ಟುಕೊಂಡು, ಹೊರಗಿನಿಂದ ಕಾಣುವ ನಡವಳಿಕೆಯನ್ನು ಗಮನಿಸಿ, ಟೂಲ್‌ಬಾಕ್ಸನ್ನು ಮೊದಲಿನಿಂದ ತಾವೇ ಬರೆದರು. ಬಾಗಿಲು ಬಡಿದರೆ ಓಗೊಡುವವರು ಆಪಲ್‌ನವರಲ್ಲ, ಇವರು. ಎಕ್ಸಿಕ್ಯೂಟರ್ ಓಡುತ್ತಿದ್ದ ನೆಕ್ಸ್ಟ್ ಎಂಬ ಯುನಿಕ್ಸ್ ಯಂತ್ರದಲ್ಲಿ ಇದ್ದದ್ದೇ 68000 ವಂಶದ ಪ್ರೊಸೆಸರು, ಆದ್ದರಿಂದ ಅಲ್ಲಿ ಚಿಪ್ಪಿನ ನಕಲೇ ಬೇಕಿರಲಿಲ್ಲ. ಇಂಟೆಲ್ ಯಂತ್ರಗಳಿಗೆ, ಲಿನಕ್ಸ್‌ಗೆ ಬರುವಾಗ ಮಾತ್ರ ‘ಸಿನ್68ಕೆ’ ಎಂಬ ಚಿಪ್ಪಿನ ನಕಲು ಬೇಕಾಯಿತು. ಇದರ ಬಗ್ಗೆ ಮ್ಯಾಟ್ ಹಾಸ್ಟೆಟರ್ 1995ರಲ್ಲಿ ಬರೆದ ಪ್ರಬಂಧ ಈಗಲೂ ಓದಲು ಖುಷಿ.

ಸಿನ್68ಕೆಯ ಒಂದು ಕುಶಲತೆಯನ್ನು ಹತ್ತಿರದಿಂದ ನೋಡಿ. 68000ದಲ್ಲಿ ಒಂದು ಬೈಟನ್ನು ಇಲ್ಲಿಂದ ಅಲ್ಲಿಗೆ ಇಟ್ಟರೂ ಸಾಕು, ಸೊನ್ನೆಯೇ, ಋಣವೇ, ಉಕ್ಕಿತೇ, ಕೈಯಲ್ಲಿ ಉಳಿದದ್ದುಂಟೇ ಎಂಬ ನಾಲ್ಕು ಫ್ಲ್ಯಾಗುಗಳನ್ನು ಚಿಪ್ಪು ಹೊಸದಾಗಿ ಬರೆಯುತ್ತದೆ. ಅಸಲಿ ಚಿಪ್ಪಿಗೆ ಅದು ಪುಕ್ಕಟೆ. ಸಾಫ್ಟ್‌ವೇರಿಗೆ ಮಾಡಬೇಕಾದ ಕೆಲಸಕ್ಕಿಂತ ಅದರ ಲೆಕ್ಕ ಬರೆಯುವುದೇ ದುಬಾರಿ. ಸಿನ್68ಕೆ ಮುಂದಿನ ಆದೇಶಗಳನ್ನು ಮೊದಲೇ ಓದಿ, ಯಾರೂ ಕೇಳದ ಫ್ಲ್ಯಾಗುಗಳ ಲೆಕ್ಕವನ್ನು ಬಿಟ್ಟೇಬಿಡುತ್ತಿತ್ತು. ಕೇಳದ್ದನ್ನು ಹೇಳಬೇಡ ಎಂಬ ಈ ನೀತಿ ಇಡೀ ಎಕ್ಸಿಕ್ಯೂಟರಿನ ನೀತಿಯೂ ಹೌದು. ತಂತ್ರಾಂಶಗಳು ಕರೆಯುವ ಸೌಲಭ್ಯವನ್ನು ಮೊದಲು ಬರೆ, ಕರೆಯದಿದ್ದರೆ ಕಾಯಬಹುದು.

ತೊಡಕು ಬಂದದ್ದು ಬಾಗಿಲು ಬಡಿಯದೆ ಒಳನುಗ್ಗುವವರಿಂದ. ಮ್ಯಾಕಿನ ಗಡಿಯಾರ ಸೆಕೆಂಡಿಗೆ ಸುಮಾರು 60 ಸಲ ಒಂದು ಅಂಕಿಯನ್ನು ಏರಿಸುತ್ತದೆ, ಅದು ಮೆಮೊರಿಯ 16ಎ ಎಂಬ ವಿಳಾಸದಲ್ಲಿದೆ. ಕೇಳಿ ತಿಳಿದುಕೊಳ್ಳಿ ಎಂದು ಆಪಲ್ ಪುಸ್ತಕದಲ್ಲಿ ಬರೆದಿದ್ದರೂ ಎಷ್ಟೋ ತಂತ್ರಾಂಶಗಳು ನೇರ ಆ ವಿಳಾಸಕ್ಕೇ ಕೈಹಾಕುತ್ತಿದ್ದವು. ಆದ್ದರಿಂದ ಮ್ಯಾಕಿನ ಬುದ್ಧಿಯಷ್ಟನ್ನೇ ಅಲ್ಲ, ಅದರ ಮೈಮೇಲಿನ ಮಚ್ಚೆಗಳನ್ನೂ ಹೊಸದಾಗಿ ಬರೆಯಬೇಕಾಯಿತು. ಎಕ್ಸಿಕ್ಯೂಟರಿನ ಕೊರತೆಗಳನ್ನು ನಾನು ಮುಚ್ಚಿಡುವುದಿಲ್ಲ. ಶಬ್ದ ಅರೆಬರೆ, ಆಪಲ್‌ಟಾಕ್ ಇಲ್ಲ, ಸಿಸ್ಟಮ್ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ. ಇಷ್ಟಿದ್ದೂ ಆಪಲ್‌ನ ಒಂದು ಬೈಟೂ ಇಲ್ಲದೆ ವರ್ಡ್ ತೆರೆದುಕೊಂಡಾಗ ನಮ್ಮ ಕಚೇರಿಯಲ್ಲಿ ಎದ್ದ ಕೇಕೆ ನನಗೆ ಇನ್ನೂ ನೆನಪಿದೆ.

ಜನ ಹೋದದ್ದು ಮಾತ್ರ ಬೇರೆ ದಾರಿಗೆ. ಅಮಿಗಾಕ್ಕೆ ‘ಶೇಪ್‌ಶಿಫ್ಟರ್’ ಬರೆದಿದ್ದ ಕ್ರಿಸ್ಟಿಯನ್ ಬಾವರ್ ‘ಬ್ಯಾಸಿಲಿಸ್ಕ್ 2’ ಬರೆದು ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಕೊಟ್ಟರು. ಲಿನಕ್ಸ್, ಸೊಲಾರಿಸ್, ಫ್ರೀಬಿಎಸ್‌ಡಿ, ಐರಿಕ್ಸ್ ಎಲ್ಲದರಲ್ಲೂ ಓಡುತ್ತಿತ್ತು. ಪ್ರೊಸೆಸರಿನ ಭಾಗ ಬರ್ಂಡ್ ಷ್ಮಿಟ್ಟರ ಅಮಿಗಾ ಎಮ್ಯುಲೇಟರಿನಿಂದ ತಂದದ್ದು. ಅದನ್ನು, ಆದೇಶಗಳನ್ನು ಓಡುವಾಗಲೇ ಭಾಷಾಂತರಿಸುವ ವೇಗದ ಜೆಐಟಿಗೆ ಏರಿಸಿದವರು ಗ್ವೆನೋಲೆ ಬೋಷೆನ್. ಇದಕ್ಕೆ ರೋಮ್ ಬೇಕು, ಅದೂ ನಿಮ್ಮ ಸ್ವಂತ ಮ್ಯಾಕಿನಿಂದ ತೆಗೆದದ್ದು. ಮ್ಯಾಕೇ ಇಲ್ಲದವನಿಗೆ ಸ್ವಂತ ಮ್ಯಾಕಿನ ರೋಮ್ ಎಲ್ಲಿಂದ ಬಂತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಬ್ಯಾಸಿಲಿಸ್ಕ್‌ನ ಜಾಣ್ಮೆಗೆ ನಾನು ಮನಸೋತಿದ್ದೇನೆ, ಸುಳ್ಳೇಕೆ ಹೇಳಲಿ. ರೋಮ್‌ನೊಳಗೆ ಡಿಸ್ಕು, ಪರದೆಗಳನ್ನು ನೇರ ಮುಟ್ಟುವ ಜಾಗಗಳಲ್ಲಿ 71ರಿಂದ ಶುರುವಾಗುವ ಅಕ್ರಮ ಆದೇಶಗಳನ್ನು ಅದು ತೇಪೆ ಹಾಕುತ್ತದೆ. ಅಂಥ ಆದೇಶ ಎದುರಾದ ಕೂಡಲೇ ಕೆಲಸ ಯುನಿಕ್ಸ್‌ಗೆ ವರ್ಗ. ಅರ್ಥವಿಲ್ಲದ ಆದೇಶವನ್ನು ಬಾಗಿಲು ಮಾಡಿಕೊಳ್ಳುವ ಆಪಲ್‌ನ ಹಳೆಯ ಉಪಾಯವನ್ನೇ ಆಪಲ್‌ನ ರೋಮ್ ಮೇಲೆ ತಿರುಗಿಸಿದ್ದು. ಪರದೆಯದು ಇನ್ನೂ ಸೊಗಸು. ಪರದೆಯ ಮೆಮೊರಿಯ ಪುಟಗಳಿಗೆ ‘ಬರೆಯಬಾರದು’ ಎಂದು ಕಟ್ಟಪ್ಪಣೆ ಹಾಕಿ ಕೂರುವುದು. ಮ್ಯಾಕು ಬರೆದ ಕೂಡಲೇ ಯುನಿಕ್ಸ್ ತಪ್ಪು ಹಿಡಿದು ಸಿಗ್ನಲ್ ಕಳಿಸುತ್ತದೆ. ಆ ಪುಟ ಬದಲಾಯಿತೆಂದು ಗುರುತು ಹಾಕಿ ಅಷ್ಟನ್ನೇ ಹೊಸದಾಗಿ ಬಿಡಿಸುವುದು. ಬೇರೆ ಪ್ರೋಗ್ರಾಮುಗಳು ಸಾಯುವ ಕಾರಣವೇ ಇಲ್ಲಿ ಉಸಿರು. ನಮ್ಮ ಸ್ಪಾರ್ಕ್ ಯಂತ್ರಗಳಿಗೆ ಇನ್ನೊಂದು ಅನುಕೂಲವೂ ಇತ್ತು. 68000ದ ಹಾಗೆ ಸ್ಪಾರ್ಕ್ ಕೂಡ ಸಂಖ್ಯೆಯ ದೊಡ್ಡ ಬೈಟನ್ನೇ ಮೊದಲು ಇಡುತ್ತದೆ. ಇಂಟೆಲ್‌ನದು ಉಲ್ಟಾ, ಅಲ್ಲಿ ಪ್ರತಿ ಸಂಖ್ಯೆಯನ್ನೂ ತಿರುಗಿಸಬೇಕು.

2001ರಲ್ಲಿ ಮ್ಯಾಕ್ ಓಎಸ್ ಎಕ್ಸ್ ಬಂತು, ಮ್ಯಾಕೇ ಯುನಿಕ್ಸ್ ಆಯಿತು. ಹಳೆಯ ತಂತ್ರಾಂಶಗಳಿಗೆಂದು ಅದರೊಳಗೆ ‘ಕ್ಲಾಸಿಕ್’ ಎಂಬ ಬಾಡಿಗೆ ಕೋಣೆ. 2007ರ ಲೆಪರ್ಡ್ ಆವೃತ್ತಿಯಲ್ಲಿ ಆ ಬಾಡಿಗೆದಾರನನ್ನೂ ಎಬ್ಬಿಸಿದರು. 2008ರಲ್ಲಿ ಮ್ಯಾಥ್ಯೂಸ್ ಎಕ್ಸಿಕ್ಯೂಟರಿನ ಮೂಲ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟರು, ಸದ್ದಾಗಲಿಲ್ಲ. 2022ರಲ್ಲಿ ಮಿಹಾಯ್ ಪರ್ಪರಿಟಾ ಬ್ಯಾಸಿಲಿಸ್ಕ್ 2ನ್ನು ಬ್ರೌಸರಿನಲ್ಲಿ ಓಡಿಸುವ ‘ಇನ್ಫಿನಿಟ್ ಮ್ಯಾಕ್’ ಮಾಡಿದರು, ಲೋಕವೇ ನೋಡಿತು. ಹುಡುಗ ನನಗೆ ತೋರಿಸಿದ್ದು ಅದನ್ನೇ. ಅವನ ಬ್ರೌಸರಿನೊಳಗೂ ಓಗೊಡುತ್ತಿರುವುದು ಆಪಲ್‌ನ ರೋಮ್.

ರೋಮ್ ಇದ್ದರೆ ಸಾಕು ಎನ್ನುವವರಿಗೆ ನನ್ನದೇ ಒಂದು ತಪ್ಪಿನ ಕಥೆ. ಆಪಲ್‌ನ ಇಂಡಿಯನ್ ಲ್ಯಾಂಗ್ವೇಜ್ ಕಿಟ್ ದೇವನಾಗರಿ, ಗುಜರಾತಿ, ಗುರ್ಮುಖಿಗಳಿಗೆ ಬಂತು, ಕನ್ನಡಕ್ಕೆ ಬರಲಿಲ್ಲ. ಆಗ ಮ್ಯಾಕಿನಲ್ಲಿ ಕನ್ನಡ ಅಂದರೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟು. ಪ್ರೆಸ್ ನಡೆಸುತ್ತಿದ್ದ ಪರಿಚಯದವರೊಬ್ಬರು ಕೆಲವು ಫ್ಲಾಪಿ ತಂದುಕೊಟ್ಟರು. ಅವುಗಳಲ್ಲಿ ಅಚ್ಚಾದ ಒಂದು ಸ್ಮರಣ ಸಂಚಿಕೆಯ ಬರಹಗಳೂ ಅಚ್ಚಾಗದೇ ಉಳಿದ ಸೋಬಾನೆ ಪದಗಳ ಒಂದು ಸಂಗ್ರಹವೂ ಇದ್ದವು. ರಾಬರ್ಟ್ ಲೆಸ್ಲಿಯ ಎಚ್‌ಎಫ್‌ಎಸ್‌ಯುಟಿಲ್ಸ್ ಬಳಸಿ ಲಿನಕ್ಸ್‌ಗೆ ನಕಲು ಮಾಡಿಕೊಂಡೆ. ಒಂದು ಕಡತ ಸೊನ್ನೆ ಬೈಟ್ ತೋರಿಸಿತು. ಖಾಲಿ ಅಂದುಕೊಂಡು ಅಳಿಸಿದೆ, ಫ್ಲಾಪಿ ವಾಪಸು ಕೊಟ್ಟೆ.

ಮ್ಯಾಕಿನ ಕಡತಕ್ಕೆ ಎರಡು ಕವಲು, ಒಂದರಲ್ಲಿ ಡೇಟಾ, ಇನ್ನೊಂದರಲ್ಲಿ ರಿಸೋರ್ಸ್. ನಾನು ಅಳಿಸಿದ್ದು ಫಾಂಟಿನ ಕಡತ, ಅದರಲ್ಲಿ ಇರುವುದೆಲ್ಲ ಎರಡನೆಯದರಲ್ಲಿ. ಯುನಿಕ್ಸ್‌ಗೆ ಕಾಣುವುದು ಮೊದಲನೆಯದು ಮಾತ್ರ. ಆಪಲ್‌ಡಬಲ್ ಹುಟ್ಟಿದ್ದೇ ಎರಡನ್ನೂ ಜೋಡಿ ಕಡತವಾಗಿ ಉಳಿಸಲು. ಎರಡನ್ನೂ ಒಂದೇ ಕಡತಕ್ಕೆ ಸೇರಿಸುವ ಮ್ಯಾಕ್‌ಬೈನರಿ ವಿಧಾನದಲ್ಲಿ ನಾನು ನಕಲು ಮಾಡಿದ್ದರೂ ಸಾಕಿತ್ತು. ಹತ್ತು ವರ್ಷ ಇದೇ ಕೆಲಸ ಮಾಡಿದವನು ನಾನು! ಓಡಿಹೋಗಿ ಕೇಳಿದರೆ, "ಅವೆಲ್ಲ ದೀಪಾವಳಿ ಕ್ಲೀನಿಂಗಲ್ಲಿ ಗುಜರಿಗೆ ಹೋದ್ವಲ್ಲ ಸಾರ್" ಅಂದರು. ಬ್ಯಾಸಿಲಿಸ್ಕ್‌ನಲ್ಲಿ ಸಿಸ್ಟಮ್ 7 ಲಕಲಕ ಓಡುತ್ತಿತ್ತು, ಸೋಬಾನೆ ಪದಗಳು ಇಂಗ್ಲಿಷ್ ಗೋಜಲಾಗಿ ಅದರೊಳಗೆ ಬಿದ್ದಿದ್ದವು.

ಮತ್ತೆ ಆರ್ಡಿಯವರ ದಾರಿಯನ್ನೇ ಹಿಡಿದೆ. ಎಡಗಡೆ ಅಚ್ಚಾದ ಸ್ಮರಣ ಸಂಚಿಕೆ, ಬಲಗಡೆ ಅದರ ಗೋಜಲು ಕಡತ. ಈ ಚಿಹ್ನೆ ಬಂದಲ್ಲೆಲ್ಲ ‘ಕ’, ಆ ಚಿಹ್ನೆ ಹತ್ತಿದಲ್ಲೆಲ್ಲ ರ ಒತ್ತು. ಫಾಂಟಿನ ಒಳಗನ್ನು ನೋಡದೆ, ಹೊರಗೆ ಕಂಡದ್ದರಿಂದಲೇ ಒಂದೊಂದಾಗಿ ಬರೆದುಕೊಳ್ಳುತ್ತ ಹೋದೆ. ಮೂರು ವಾರಕ್ಕೆ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು, ಪದಗಳು ಯುನಿಕೋಡಿಗೆ ಬಂದವು. ಆದರೆ ಆ ಹಾಡುಗಳಲ್ಲಿ ನಾಲ್ಕು ಕಡೆ ಒಂದು ಚಿಹ್ನೆ ಇದೆ, ಸ್ಮರಣ ಸಂಚಿಕೆಯ ಯಾವ ಪುಟದಲ್ಲೂ ಅದು ಇಲ್ಲ. ಹಾಡು ಬಲ್ಲ ಅಜ್ಜಿಯರು ಯಾರಾದರೂ ಸಿಕ್ಕಿ ಹಾಡಿ ತೋರಿಸುವ ತನಕ ಆ ನಾಲ್ಕು ಕಡೆ ಖಾಲಿ ಚೌಕ ಬಿಟ್ಟಿದ್ದೇನೆ.