ಕಾನ್ಹೇರಿಯ ಕಾಲುದಾರಿ

"ನೀವು ಮುಂಬಯಿಗೆ ಬಂದದ್ದು ಯಾವಾಗ?" ಈ ಪ್ರಶ್ನೆಯನ್ನು ಎದುರಿಸದ ಕನ್ನಡಿಗರು ಈ ಮಹಾನಗರದಲ್ಲಿ ಬಹುಶಃ ಇರಲಾರರು. ಕೇಳುವವರಲ್ಲಿ ಹೆಚ್ಚಿನವರು ಸ್ನೇಹದಿಂದಲೇ ಕೇಳುತ್ತಾರೆ. ಕೆಲವರ ದನಿಯಲ್ಲಿ ಮಾತ್ರ "ಹಾಗಾದರೆ ಹಿಂತಿರುಗುವುದು ಯಾವಾಗ?" ಎಂಬ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಕಿವಿಯಾರೆ ಕೇಳಿದ ಹಿರಿಯರು ನಮ್ಮ ನಡುವೆ ಇಂದಿಗೂ ಇದ್ದಾರೆ. ನಾವು ಆ ದಿನಗಳನ್ನು ಕಂಡವರಲ್ಲ. ಆದರೆ ಕಳೆದ ಚಳಿಗಾಲದ ಒಂದು ಭಾನುವಾರ, ಬೊರಿವಲಿಗೆ ಹೋಗುವ ಲೋಕಲ್ ಗಾಡಿಯಲ್ಲಿ, ನಮ್ಮ ಕನ್ನಡ ಮಾತು ಕಿವಿಗೆ ಬಿದ್ದ ಸಹಪ್ರಯಾಣಿಕರೊಬ್ಬರು ಅದೇ ಪ್ರಶ್ನೆಯನ್ನು ಅಂಥದೇ ದನಿಯಲ್ಲಿ ಕೇಳಿದರು. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಅದು ಹೊಳೆದದ್ದು ಮಧ್ಯಾಹ್ನ, ಕಾನ್ಹೇರಿಯ ಬೆಟ್ಟದ ಮೇಲೆ.

ನಾವೆಂದರೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತು ಬೆನ್ನು ನೋಯಿಸಿಕೊಂಡಿರುವ ನಾಲ್ಕು ಜನ ಗುಮಾಸ್ತರು. ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ತಿಂಗಳಿಗೊಮ್ಮೆ ಬೆಟ್ಟ ಹತ್ತುವ ಅಭ್ಯಾಸ ಮಾಡಿಕೊಂಡಿದ್ದೇವೆ. ಬೊರಿವಲಿ ಸ್ಟೇಶನ್ನಿನ ಪೂರ್ವಕ್ಕೆ ಸ್ವಲ್ಪ ನಡೆದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು. ನೂರು ಚದರ ಕಿಲೋಮೀಟರಿಗೂ ಮೇಲ್ಪಟ್ಟ ಈ ಕಾಡು ಮುಂಬಯಿಗೂ ಠಾಣೆಗೂ ನಡುವೆ ಹಸಿರು ಗೋಡೆಯಂತೆ ನಿಂತಿದೆ. ಬಾಗಿಲಿನಿಂದ ಕಾನ್ಹೇರಿ ಗುಹೆಗಳಿಗೆ ಸುಮಾರು 6-7 ಕಿಲೋಮೀಟರಿನ ರಸ್ತೆ. ಬಾಡಿಗೆ ಸೈಕಲ್ಲಿನಲ್ಲಿ ಹೋಗುವ ತರುಣರು ಗಂಟೆ ಬಾರಿಸುತ್ತ ನಮ್ಮನ್ನು ಹಿಂದೆ ಹಾಕುತ್ತಾರೆ. ನಾವು ತೇಗದ ಮರಗಳ ನೆರಳಿನಲ್ಲಿ, ತೊರೆಯ ಬದಿಯಲ್ಲಿ, ಚುರುಮುರಿ ಮೆಲ್ಲುತ್ತ ನಿಧಾನವಾಗಿ ಸಾಗುತ್ತೇವೆ. ಕೊನೆಯ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಅದೇ ತರುಣರನ್ನು ನಗುಮುಖದಿಂದ ಮಾತನಾಡಿಸುತ್ತೇವೆ.

ಕಾನ್ಹೇರಿ ಎಂಬ ಹೆಸರು ಕೃಷ್ಣಗಿರಿ ಎಂಬುದರ ಸವೆದ ರೂಪ. ಅಂದರೆ ಕರಿಯ ಬೆಟ್ಟ. ಸುಮಾರು ಆರು ಕೋಟಿ ವರ್ಷಗಳ ಹಿಂದೆ ದಖ್ಖನಿನ ಒಡಲಿನಿಂದ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿ ಈ ನಾಡಿನ ಕಪ್ಪು ಕಲ್ಲಾಯಿತು. ಕಾಲೇಜಿನಲ್ಲಿ ಒಂದಿಷ್ಟು ವಿಜ್ಞಾನ ಓದಿದ ನಮಗೆ ಇಷ್ಟು ಹೇಳದಿದ್ದರೆ ಸಮಾಧಾನವಿಲ್ಲ. ಈ ಬೆಟ್ಟದ ಕಲ್ಲು ಜ್ವಾಲಾಮುಖಿಯ ಚೂರುಗಳು ಬೆಸೆದುಕೊಂಡು ಆದದ್ದು. ಆದ್ದರಿಂದ ಉಳಿಗೆ ಹೆಚ್ಚು ಹಟ ಮಾಡದು. ಹೀಗಾಗಿ ಕ್ರಿಸ್ತಪೂರ್ವ ಕಾಲದ ಕೊನೆಯಿಂದ ಮೊದಲುಮಾಡಿ ಸುಮಾರು ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳಿಗಾಗಿ ಇಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆದರು.

ಪ್ರವಾಸಿಗಳಲ್ಲಿ ಹೆಚ್ಚಿನವರು ಮೂರನೆಯ ಗುಹೆಯ ಮಹಾಚೈತ್ಯವನ್ನೂ ಅದರ ಪಡಸಾಲೆಯ ಇಕ್ಕೆಲದಲ್ಲಿ ನಿಂತ ಭವ್ಯ ಬುದ್ಧಮೂರ್ತಿಗಳನ್ನೂ ಕಂಡು, ಫೋಟೋ ತೆಗೆದು ಹಿಂತಿರುಗುತ್ತಾರೆ. ನಮ್ಮ ಗಮನವನ್ನು ಸೆಳೆದದ್ದು ಗುಹೆಗಳಿಗಿಂತ ಅವುಗಳ ನಡುವಿನ ದಾರಿ. ಗುಹೆಯಿಂದ ಗುಹೆಗೆ, ಹಂತದಿಂದ ಹಂತಕ್ಕೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಕೆಲವೆಡೆ ಕೈಯಾಸರೆಗೆಂದು ಕಲ್ಲಿನಲ್ಲೇ ಬಿಡಿಸಿದ ಕಟಕಟೆಯ ಕುರುಹೂ ಉಂಟು. ಮಳೆಗಾಲದ ನೀರು ಹರಿದು ಬರಲು ತೋಡಿದ ಸಣ್ಣ ಕಾಲುವೆಗಳು, ಅದು ತುಂಬಿಕೊಳ್ಳಲು ಗುಹೆಯ ಮಗ್ಗುಲಲ್ಲೇ ಕೊರೆದ ತೊಟ್ಟಿಗಳು. ಮೆಟ್ಟಿಲುಗಳ ನಡುಭಾಗ ಸವೆದು ತಗ್ಗಾಗಿದೆ. ಎಷ್ಟು ಪಾದಗಳು ಇಲ್ಲಿ ಏರಿ ಇಳಿದಿರಬೇಕು!

ಈ ಬೆಟ್ಟದಲ್ಲಿ ಸುಮಾರು ನೂರು ಶಾಸನಗಳಿವೆ. ಹೆಚ್ಚಿನವು ದಾನಶಾಸನಗಳು. ಕೊಟ್ಟವರು ಅರಸರಿಗಿಂತ ಹೆಚ್ಚಾಗಿ ವರ್ತಕರು, ಅಕ್ಕಸಾಲಿಗರು, ಗೃಹಸ್ಥರು, ಭಿಕ್ಷುಣಿಯರು. ಅವರ ಊರುಗಳು ಕಲ್ಯಾಣ, ಸೊಪಾರ, ಚೌಲ, ನಾಸಿಕ ಮೊದಲಾದವು. ಅವರು ಕೊಟ್ಟದ್ದಾದರೂ ಏನು? ಒಂದು ಗುಹೆ, ಒಂದು ನೀರಿನ ತೊಟ್ಟಿ, ಕುಳಿತುಕೊಳ್ಳಲು ಕಲ್ಲಿನ ಜಗಲಿ; ಮತ್ತೆ ಒಂದು ಶಾಸನದಲ್ಲಿ ಇವುಗಳ ಜತೆಗೆ "ಚಂಕಮ." ಚಂಕಮವೆಂದರೆ ಭಿಕ್ಷುಗಳು ಧ್ಯಾನಮಾಡುತ್ತ ಅತ್ತಿತ್ತ ನಡೆದಾಡುವ ದಾರಿ. ನಡೆಯುವುದಕ್ಕೊಂದು ಜಾಗವನ್ನು ಮಾಡಿಕೊಟ್ಟು, ಅದನ್ನೂ ಪುಣ್ಯದ ಲೆಕ್ಕಕ್ಕೆ ಬರೆಸಿದ ಜನರಿವರು. ಬೆಳಗಿನ ನಡಿಗೆಗೆಂದು ಮುಂಬಯಿಯ ಫುಟ್‌ಪಾತಿನಲ್ಲಿ ಜಾಗ ಹುಡುಕುವ ನಮಗೆ ಈ ದಾನದ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ಈ ವರ್ತಕರ ಹಣ ಬಂದದ್ದೂ ಬೆಟ್ಟದ ದಾರಿಯಿಂದಲೇ. ಕಲ್ಯಾಣ ಮತ್ತು ಸೊಪಾರದ ಬಂದರುಗಳಲ್ಲಿ ಇಳಿದ ಸರಕು ಸಹ್ಯಾದ್ರಿಯನ್ನು ಏರಿ ಜುನ್ನರದ ಮೂಲಕ ಪೈಠಣದ ಕಡೆಗೆ ಹೋಗುತ್ತಿತ್ತು. ಆ ಏರುದಾರಿಗಳಲ್ಲಿ ಹೆಸರಾದದ್ದು ನಾಣೇಘಾಟ. ಅಲ್ಲಿನ ಕಣಿವೆಯ ತಲೆಯಲ್ಲಿರುವ ಗುಹೆಯಲ್ಲಿ ಸಾತವಾಹನರ ರಾಣಿ ನಾಗನಿಕೆಯ ಶಾಸನವಿದೆ. ಸುಂಕದ ಹಣ ಹಾಕುತ್ತಿದ್ದರೆಂದು ಜನ ಹೇಳುವ ಕಲ್ಲಿನ ಕೊಳಗವೂ ಅಲ್ಲಿದೆ. ಇಂದು ಬೆನ್ನಿಗೆ ಚೀಲ ಕಟ್ಟಿಕೊಂಡು ನಾಣೇಘಾಟ ಏರುವ ಮುಂಬಯಿಯ ತರುಣರು ತಿಳಿದೋ ತಿಳಿಯದೆಯೋ ಎರಡು ಸಾವಿರ ವರ್ಷಗಳ ಹಿಂದಿನ ಎತ್ತಿನ ಹೇರುಗಳ ಹೆಜ್ಜೆಯನ್ನೇ ಹಿಡಿದು ಹೋಗುತ್ತಾರೆ.

ಈಗ ಕನ್ನಡಿಗರಿಗೆ ಮುಖ್ಯವಾದ ಮಾತಿಗೆ ಬರೋಣ. ಮಹಾಚೈತ್ಯದಿಂದ ಮೇಲೆ ಹೋದರೆ ಹನ್ನೊಂದನೆಯ ಗುಹೆ. ಇದನ್ನು ದರ್ಬಾರ್ ಗುಹೆ ಎನ್ನುತ್ತಾರೆ. ವಿಶಾಲವಾದ ಸಭಾಂಗಣ, ಉದ್ದಕ್ಕೂ ಎರಡು ತಗ್ಗಾದ ಕಲ್ಲಿನ ಜಗಲಿಗಳು. ಇಲ್ಲಿರುವ ಶಕವರ್ಷ 775ರ ಸಂಸ್ಕೃತ ಶಾಸನದಲ್ಲಿ ಬರುವ ಚಕ್ರವರ್ತಿಯ ಹೆಸರು ಅಮೋಘವರ್ಷ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆರು ದಶಕಗಳಿಗೂ ಹೆಚ್ಚು ಕಾಲ ಆಳಿದ ನಮ್ಮ ನೃಪತುಂಗನೇ ಈತ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ "ಕವಿರಾಜಮಾರ್ಗ" ಹುಟ್ಟಿದ್ದು ಇವನ ಆಸ್ಥಾನದಲ್ಲಿ. ಆಗ ಉತ್ತರ ಕೊಂಕಣವನ್ನು ಅವನ ಅಧೀನನಾಗಿ ಆಳುತ್ತಿದ್ದವನು ಶಿಲಾಹಾರ ವಂಶದ ಕಪರ್ದಿ. ಎಪ್ಪತ್ತೆಂಟನೆಯ ಗುಹೆಯಲ್ಲಿ ಇನ್ನೆರಡು ಶಾಸನಗಳು ಇದೇ ಅಮೋಘವರ್ಷನ ಹೆಸರು ಹೇಳುತ್ತವೆ. ಅವುಗಳಲ್ಲೊಂದು ಶಕ 799, ಎಂದರೆ ಕ್ರಿ.ಶ. 877ರ ಸುಮಾರಿನದು.

ಆ ಹೆಸರನ್ನು ನೆನೆದು ನಮ್ಮ ಎದೆ ಉಬ್ಬಿತೆಂದು ಒಪ್ಪಿಕೊಳ್ಳಲೇಬೇಕು. ಗಾಡಿಯಲ್ಲಿ ಸಿಕ್ಕಿದ ಆ ಮಹಾಶಯರನ್ನು ಕೈಹಿಡಿದು ಕರೆತಂದು, "ನೋಡಿ ಸ್ವಾಮೀ, ನಾವು ಬಂದದ್ದು ಒಂಬತ್ತನೆಯ ಶತಮಾನದಲ್ಲಿ!" ಎಂದು ಹೇಳಬೇಕೆನಿಸಿತು. ನಮ್ಮಲ್ಲಿ ಒಬ್ಬರು ಹಾಗೆ ಹೇಳಿಯೂ ಬಿಟ್ಟರು. ಉಳಿದವರು ನಕ್ಕೆವು. ಆದರೆ ಬುತ್ತಿ ಬಿಚ್ಚಿ ಚಪಾತಿ-ಪಲ್ಯ ತಿನ್ನುತ್ತ, ಓದಿಕೊಂಡು ಬಂದಿದ್ದ ಟಿಪ್ಪಣಿಗಳನ್ನು ಮತ್ತೊಮ್ಮೆ ನೋಡಿದಾಗ ಆ ಉತ್ತರ ಅಷ್ಟು ಸರಿಯಲ್ಲವೆನಿಸಿತು.

ಏಕೆಂದರೆ ಶಾಸನದಲ್ಲಿ ದಾನ ಕೊಟ್ಟವನು ನೃಪತುಂಗನಲ್ಲ. ಅವನು ಈ ಮೆಟ್ಟಿಲು ಏರಿದನೆಂದು ಹೇಳಲು ಆಧಾರವೂ ಇಲ್ಲ. ದರ್ಬಾರ್ ಗುಹೆಯ ಶಾಸನದ ದಾನಿ ಅವಿಘ್ನಾಕರನೆಂಬ ಬೌದ್ಧ ಭಕ್ತ. ಅವನ ಊರು ಗೌಡದೇಶ, ಅಂದರೆ ಬಂಗಾಳ. ಅಷ್ಟು ದೂರದಿಂದ ಬಂದು, ಭಿಕ್ಷುಗಳ ಧ್ಯಾನಕ್ಕೆ ಕೋಣೆಗಳನ್ನು ಮಾಡಿಸಿ, ಅವರ ಬಟ್ಟೆಬರೆಗೆಂದು ನೂರು ದ್ರಮ್ಮಗಳನ್ನು ಅಕ್ಷಯನೀವಿಯಾಗಿ ಇಟ್ಟ. ಅಕ್ಷಯನೀವಿಯೆಂದರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ಧರ್ಮ ನಡೆಯಬೇಕಾದ ಠೇವಣಿ. ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್ಟಿನ ಬಡ್ಡಿದರವನ್ನು ನಿತ್ಯ ಚರ್ಚಿಸುವ ನಮ್ಮಂಥ ಗುಮಾಸ್ತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಪ್ಪತ್ತೆಂಟನೆಯ ಗುಹೆಯ ಹಳೆಯ ಶಾಸನವನ್ನು ಶಕ 765ರದೆಂದು ಓದಿದ್ದಾರೆ. ಅದರಲ್ಲಿ ಕಪರ್ದಿಯ ತಂದೆ ಪುಲ್ಲಶಕ್ತಿಯ ಮಂತ್ರಿಯೊಬ್ಬ 40 ದ್ರಮ್ಮಗಳನ್ನು ಕೊಟ್ಟು, ಬುದ್ಧನ ಪೂಜೆಗೆ, ವಿಹಾರದ ರಿಪೇರಿಗೆ, ಭಿಕ್ಷುಗಳ ಉಡುಪಿಗೆ, ಹಾಗೆಯೇ ಪುಸ್ತಕಗಳಿಗೆ ಎಂದು ಹಂಚಿದ್ದಾನೆ. ಬೆಟ್ಟದ ಮೇಲಿನ ಪುಸ್ತಕ ಭಂಡಾರಕ್ಕೆ ಇದೊಂದು ಪುಟ್ಟ ಗ್ರಾಂಟು!

ಆಳುವ ಚಕ್ರವರ್ತಿ ಮಳಖೇಡದವನು, ಕೊಡುವ ಭಕ್ತ ಬಂಗಾಳದವನು, ಬರೆಸಿದ ಭಾಷೆ ಸಂಸ್ಕೃತ, ಬೆಟ್ಟ ಕೊಂಕಣದ್ದು. ಮುಂದೆ ಹತ್ತು-ಹನ್ನೊಂದನೆಯ ಶತಮಾನದ ಶಿಲಾಹಾರರ ತಾಮ್ರಪಟಗಳಲ್ಲಿ "ಗಂಡರಗಂಡ", "ನನ್ನಿಸಮುದ್ರ" ಎಂಬ ಬಿರುದುಗಳು ಬರುತ್ತವೆ. ನನ್ನಿಯೆಂದರೆ ಹಳಗನ್ನಡದಲ್ಲಿ ಸತ್ಯ. ಸಂಸ್ಕೃತ ಶಾಸನದ ನಡುವೆ ಅಚ್ಚಕನ್ನಡದ ಬಿರುದು! ಮಾತುಗಳೂ ಮನುಷ್ಯರಂತೆ ಘಟ್ಟದ ದಾರಿಯಲ್ಲಿ ನಡೆದು ಬಂದಿದ್ದವು.

ಇನ್ನೂ ಸೋಜಿಗದ ಸಂಗತಿಯೆಂದರೆ ತೊಂಬತ್ತನೆಯ ಗುಹೆಯದು. ಅಲ್ಲಿ ಪಹ್ಲವಿ ಲಿಪಿಯಲ್ಲಿ, ಇರಾನಿನಿಂದ ಬಂದ ಪಾರಸಿಗಳ ಗುಂಪುಗಳು ಕ್ರಿ.ಶ. 1009ರಲ್ಲಿ ಹಾಗೂ 1021ರಲ್ಲಿ ತಮ್ಮ ಹೆಸರುಗಳನ್ನೂ ತಂದೆಯ ಹೆಸರುಗಳನ್ನೂ ಕೊರೆದಿದ್ದಾರೆ. ದಾನವಿಲ್ಲ, ಬಿರುದಿಲ್ಲ, ಇಂಥ ದಿನ ಇಂಥವರು ಈ ಸ್ಥಳಕ್ಕೆ ಬಂದೆವು ಎಂಬಷ್ಟೇ. ಬೆಟ್ಟ ನೋಡಲು ಬಂದ ಗೆಳೆಯರ ಗುಂಪಲ್ಲದೆ ಮತ್ತೇನು? ನಮ್ಮ ನಾಲ್ವರ ತಂಡಕ್ಕೆ ಇವರೇ ಮೂಲಪುರುಷರು. (ಹೆಸರು ಕೊರೆಯುವ ಕೆಲಸದಲ್ಲಿ ಮಾತ್ರ ಯಾರೂ ಅವರನ್ನು ಅನುಸರಿಸಬಾರದು. ಈಗ ಅದು ಕಾನೂನಿಗೆ ವಿರುದ್ಧ.)

ಆಮೇಲೆ ವಿಹಾರ ಬರಿದಾಯಿತು. ದಾರಿ ಮಾತ್ರ ಉಳಿಯಿತು. 1675ರಲ್ಲಿ ಡಾಕ್ಟರ್ ಫ್ರಾಯರ್ ಎಂಬ ಆಂಗ್ಲ ವೈದ್ಯ ಇಲ್ಲಿಗೆ ಬಂದು ನೋಡಿ ಬರೆದಿಟ್ಟ. 1839ರಲ್ಲಿ ಡಾಕ್ಟರ್ ಬರ್ಡ್ ಎಂಬಾತ ಮಹಾಚೈತ್ಯದ ಮುಂದಿನ ಸ್ತೂಪವನ್ನು ಅಗೆದಾಗ ಐದನೆಯ ಶತಮಾನದ ತಾಮ್ರಪಟ ದೊರೆಯಿತು. ಮುಂಬಯಿಗೆ ನೀರು ಬೇಕಾದಾಗ ಇದೇ ಬೆಟ್ಟಸಾಲಿನ ಮಡಿಲಲ್ಲಿ 1860ರಲ್ಲಿ ವಿಹಾರ, 1879ರಲ್ಲಿ ತುಳಸಿ ಕೆರೆಗಳು ಸಿದ್ಧವಾದವು. ಭಿಕ್ಷುಗಳು ತೊಟ್ಟಿ ಕೊರೆದು ಮಾಡಿದ್ದನ್ನೇ ಎಂಜಿನಿಯರರು ಅಣೆಕಟ್ಟು ಕಟ್ಟಿ ದೊಡ್ಡದಾಗಿ ಮಾಡಿದರು.

ಇಷ್ಟೆಲ್ಲ ಬಂದುಹೋದವರ ನಡುವೆ, ಬರುವ-ಹೋಗುವ ಮಾತಿಲ್ಲದೆ ಈ ಕಾಡಿನಲ್ಲೇ ಬಾಳಿಕೊಂಡು ಬಂದವರೂ ಇದ್ದಾರೆ. ಅವರು ವಾರ್ಲಿ ಮತ್ತು ಮಹಾದೇವ ಕೋಳಿ ಜನ. ಉದ್ಯಾನದೊಳಗೆ ಅವರ ಪಾಡಾಗಳು ಇಂದಿಗೂ ಇವೆ. ರಸ್ತೆಯ ಬದಿಯಲ್ಲಿ ಸೌತೆ, ಬೋರೆಹಣ್ಣು ಮಾರಲು ಕುಳಿತ ಒಬ್ಬ ಅಜ್ಜಿಯ ಬಳಿ ನಾವು ಹಿಂತಿರುಗುವಾಗ ನಿಂತೆವು. "ನೀವು ಇಲ್ಲಿಗೆ ಬಂದದ್ದು ಯಾವಾಗ, ಆಜೀ?" ಎಂದು ನಮ್ಮಲ್ಲೊಬ್ಬರು ಮರಾಠಿಯಲ್ಲಿ ಕೇಳಿದರು. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬೆಳಗ್ಗೆ ಬಂದೆ, ಸಂಜೆ ಹೋಗುತ್ತೇನೆ," ಎಂದರು. ನಾವು ನಾಚಿಕೊಂಡು, ಸೌತೆಕಾಯಿ ಕೊಂಡು ಮುಂದೆ ನಡೆದೆವು. ಬೆಳಿಗ್ಗೆ ನಮ್ಮ ಮನಸ್ಸನ್ನು ಚುಚ್ಚಿದ ಪ್ರಶ್ನೆಯನ್ನು ನಾವೇ ಇನ್ನೊಬ್ಬರಿಗೆ ಕೇಳಿಬಿಟ್ಟಿದ್ದೆವು!

ಕಾನ್ಹೇರಿಯ ಕಲ್ಲು ಯಾರನ್ನೂ ಬಂದದ್ದು ಯಾವಾಗ ಎಂದು ಕೇಳಿ ಅಳೆಯುವುದಿಲ್ಲ. ಬಂದು ಏನು ಬಿಟ್ಟುಹೋದರು ಎಂಬುದನ್ನಷ್ಟೇ ಬರೆದಿಟ್ಟುಕೊಂಡಿದೆ. ಒಬ್ಬ ತೊಟ್ಟಿ ಕೊಟ್ಟ, ಒಬ್ಬ ಪುಸ್ತಕಕ್ಕೆ ದುಡ್ಡು ಕೊಟ್ಟ, ಒಬ್ಬ ನಡೆಯಲು ದಾರಿ ಮಾಡಿಕೊಟ್ಟ. ನಮ್ಮ ಹಿಂದಿನ ತಲೆಮಾರಿನ ಕನ್ನಡಿಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ದಣಿದ ಹುಡುಗರಿಗಾಗಿ ಇದೇ ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ನಡೆಸಿದರು. ಅದೂ ಒಂದು ಚಂಕಮವೇ. ಅಲ್ಲಿ ನಡೆದು ಎಷ್ಟೋ ಮಕ್ಕಳು ಮೇಲೇರಿದರು. ಮುಂದಿನ ಬಾರಿ ಗಾಡಿಯಲ್ಲಿ ಯಾರಾದರೂ ಕೇಳಿದರೆ ನೃಪತುಂಗನನ್ನು ಮುಂದೆಮಾಡದೆ ಈ ರಾತ್ರಿಶಾಲೆಗಳ ಕಥೆಯನ್ನು ಹೇಳೋಣವೆಂದು ನಾವು ನಿಶ್ಚಯಿಸಿಕೊಂಡಿದ್ದೇವೆ.

ಓದುಗ ಬಂಧುಗಳು ಒಮ್ಮೆ ಮಕ್ಕಳನ್ನು ಕರೆದುಕೊಂಡು ಕಾನ್ಹೇರಿಗೆ ಹೋಗಿಬನ್ನಿ. ಚಳಿಗಾಲ ಹಿತಕರ. ಸೋಮವಾರ ಗುಹೆಗಳಿಗೆ ರಜೆ. ನೀರು ಜತೆಗಿರಲಿ, ಬಾಟಲಿಯನ್ನು ಮರಳಿ ಮನೆಗೆ ತನ್ನಿ. ಚಿರತೆಗಳಿರುವ ಕಾಡಾದ್ದರಿಂದ ದಾರಿ ಬಿಟ್ಟು ಒಳಗೆ ಹೋಗಬೇಡಿ. ಮೆಟ್ಟಿಲು ಹತ್ತುವಾಗ ಅದರ ಸವೆದ ತಗ್ಗಿನಲ್ಲೇ ಪಾದವಿಡುವಂತೆ ಮಕ್ಕಳಿಗೆ ಹೇಳಿ. ಯಾರು ಯಾರು ನಡೆದ ದಾರಿಯೆಂಬುದನ್ನು ಮನೆಗೆ ಬಂದಮೇಲೆ ಹೇಳಬಹುದು.