ಆಹಾರದ ಘಟಕಗಳ ಪತ್ತೆಗೆ ಬಣ್ಣದ ಪರೀಕ್ಷೆಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಿತ್ಯದ ಆಹಾರದಲ್ಲಿ ರಾಗಿ, ಅವರೆ, ಕಡಲೆಕಾಯಿ ಹಾಗೂ ಹಾಲಿಗೆ ಪ್ರಮುಖ ಸ್ಥಾನವಿದೆ. ಇವುಗಳಲ್ಲಿರುವ ಪಿಷ್ಟ, ಸಕ್ಕರೆ, ಪ್ರೋಟೀನು ಮತ್ತು ಕೊಬ್ಬನ್ನು ಕೆಲವು ಸರಳ ರಾಸಾಯನಿಕ ಪರೀಕ್ಷೆಗಳಿಂದ ಗುರುತಿಸಬಹುದಾಗಿದೆ.

ಪಿಷ್ಟ: ರಾಗಿಹಿಟ್ಟನ್ನು ಹೆಚ್ಚು ನೀರಿನಲ್ಲಿ ಕದಡಿ ಕುದಿಸಿ, ಆರಿದ ಬಳಿಕ ಎರಡು ಹನಿ ಅಯೋಡಿನ್ ದ್ರಾವಣ ಬೆರೆಸಿದರೆ ಕಡುನೀಲಿ ಬಣ್ಣ ಮೂಡುತ್ತದೆ. ಪಿಷ್ಟದ ಸುರುಳಿಯಾಕಾರದ ಅಣುವಿನೊಳಗೆ ಅಯೋಡಿನ್ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಕಾಯಿಸಿದರೆ ಈ ಬಣ್ಣ ಮಾಯವಾಗುವುದರಿಂದ ಬಿಸಿ ಮುದ್ದೆಯ ಮೇಲೆ ಪರೀಕ್ಷೆ ನಡೆಸಬಾರದು.

ಸಕ್ಕರೆ: ದ್ರಾಕ್ಷಿಯ ರಸಕ್ಕೆ ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ ಸೇರಿಸಿ, ಪ್ರನಾಳವನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಇಟ್ಟಿಗೆಗೆಂಪು ಬಣ್ಣ ಬರುತ್ತದೆ. ಸ್ಥಳೀಯ ಬೆಂಗಳೂರು ಬ್ಲೂ ತಳಿಯ ಸಿಪ್ಪೆಯ ಬಣ್ಣವು ಫಲಿತಾಂಶವನ್ನು ಮರೆಮಾಡುವುದರಿಂದ ಸಿಪ್ಪೆ ತೆಗೆದ ತಿರುಳನ್ನಷ್ಟೇ ಬಳಸುವುದು ಉತ್ತಮ. ಶುದ್ಧ ಬಿಳಿ ಸಕ್ಕರೆ ಈ ಪರೀಕ್ಷೆಗೆ ಸ್ಪಂದಿಸುವುದಿಲ್ಲ.

ಪ್ರೋಟೀನು: ಅವರೆಕಾಳನ್ನು ನೀರಿನಲ್ಲಿ ಅರೆದು ಸೋಸಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನೂ ಬಳಿಕ ಕೆಲವು ಹನಿ ದುರ್ಬಲ ಮೈಲುತುತ್ತದ ದ್ರಾವಣವನ್ನೂ ಹಾಕಿದರೆ ನೇರಳೆ ಬಣ್ಣ ಕಾಣುತ್ತದೆ. ಇದೇ ಬೈಯುರೆಟ್ ಪರೀಕ್ಷೆ. ಇದಕ್ಕೆ ಕಾಯಿಸುವ ಅಗತ್ಯವಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಚರ್ಮವನ್ನು ಸುಡುವುದರಿಂದ ಇದನ್ನು ಶಿಕ್ಷಕರ ಸಮ್ಮುಖದಲ್ಲಿಯೇ ನಡೆಸಬೇಕು.

ಕೊಬ್ಬು: ಕಡಲೆಬೀಜವನ್ನು ಕಾಗದದ ಮೇಲೆ ಜಜ್ಜಿದಾಗ ಒಣಗಿದರೂ ಅಳಿಯದ, ಬೆಳಕು ಹಾಯುವ ಕಲೆ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಕೊಬ್ಬಿಗೆ ಕೆಂಪು ಬಣ್ಣ ನೀಡುವ ಸುಡಾನ್ 3 ಎಂಬ ವರ್ಣಕವನ್ನು ಬಳಸುತ್ತಾರೆ.

ಈ ಪರೀಕ್ಷೆಗಳ ಪ್ರಯೋಜನ ಶಾಲೆಗಷ್ಟೇ ಸೀಮಿತವಲ್ಲ. ಹಾಲಿನ ದರವು ಕೊಬ್ಬು ಹಾಗೂ ಇತರ ಘನಾಂಶಗಳನ್ನು ಆಧರಿಸಿರುವುದರಿಂದ, ನೀರು ಬೆರೆಸಿದ ಹಾಲನ್ನು ಗಟ್ಟಿಯಾಗಿ ತೋರಿಸಲು ಪಿಷ್ಟ ಸೇರಿಸುವ ಮೋಸವುಂಟು. ಲೋಟದಲ್ಲಿ ತೆಗೆದಿಟ್ಟ ತಣ್ಣನೆಯ ಹಾಲಿಗೆ ಎರಡು–ಮೂರು ಹನಿ ಅಯೋಡಿನ್ ಹಾಕಿದಾಗ ನೀಲಿ ಬಣ್ಣ ಬಂದರೆ ಪಿಷ್ಟ ಬೆರೆತಿದೆಯೆಂದು ತಿಳಿಯಬೇಕು. ಬಣ್ಣ ಬಾರದ ಮಾತ್ರಕ್ಕೆ ಹಾಲು ಶುದ್ಧವೆಂದು ಅರ್ಥವಲ್ಲ. ನೀರು, ಯೂರಿಯಾ ಮುಂತಾದವುಗಳನ್ನು ಅಯೋಡಿನ್ ತೋರಿಸದು. ಪರೀಕ್ಷಿಸಿದ ಹಾಲನ್ನು ಚೆಲ್ಲಬೇಕು.

ಬಣ್ಣದ ಪರೀಕ್ಷೆ ಸುಳಿವು ನೀಡಬಲ್ಲದೇ ಹೊರತು ನಿಖರ ಪ್ರಮಾಣವನ್ನು ತಿಳಿಸದು. ಸಂಶಯ ಉಳಿದಲ್ಲಿ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಂತೆ ಗ್ರಾಹಕರು ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಈ ಉದ್ದೇಶವನ್ನು ಕೊಳ್ಳುವಾಗಲೇ ಮಾರಾಟಗಾರರಿಗೆ ತಿಳಿಸಿರಬೇಕು. ನಿಯಮ ಉಲ್ಲಂಘನೆ ಕಂಡುಬಂದರೆ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ.