ಬುದ್ಧನಿಗೊಂದು 'ಚರ್ಚು'

1893ರ ಷಿಕಾಗೊ ಸರ್ವಧರ್ಮ ಸಮ್ಮೇಳನ ಎಂದೊಡನೆ ಸ್ವಾಮಿ ವಿವೇಕಾನಂದರ ಹೆಸರು ನೆನಪಾಗುವುದು ಸಹಜ. ಅದೇ ಸಮ್ಮೇಳನಕ್ಕೆ ಶ್ರೀಲಂಕಾದ ಅನಗಾರಿಕ ಧರ್ಮಪಾಲ, ಜಪಾನಿನ ಝೆನ್ ಗುರು ಸೋಯೆನ್ ಶಾಕು ಅವರೂ ಬೌದ್ಧ ಪ್ರತಿನಿಧಿಗಳಾಗಿ ಬಂದಿದ್ದರು. ಭಾಷಣಗಳಿಂದ ಅಮೆರಿಕದ ವಿದ್ಯಾವಂತರಿಗೆ ಬೌದ್ಧ ಧರ್ಮದ ಪರಿಚಯವೇನೋ ಆಯಿತು. ಆದರೆ ಆ ನೆಲದಲ್ಲಿ ಅದು ಬೇರೂರಿದ್ದು ಮುಖ್ಯವಾಗಿ ಕೂಲಿಕಾರರಿಂದ.

ಹವಾಯಿಯ ಕಬ್ಬಿನ ತೋಟಗಳಿಗೂ ಕ್ಯಾಲಿಫೋರ್ನಿಯದ ಹೊಲಗಳಿಗೂ ದುಡಿಯಲು ಹೋದ ಜಪಾನೀಯರಲ್ಲಿ ಅನೇಕರು ಜೋಡೋ ಶಿನ್‌ಶೂ ಪಂಥದವರು. ಹದಿಮೂರನೆಯ ಶತಮಾನದ ಶಿನ್ರಾನ್ ಈ ಪಂಥದ ಮೂಲಪುರುಷ. ಇಲ್ಲಿ ಪುರೋಹಿತರೂ ಗೃಹಸ್ಥರು. ಅಮಿತಾಭ ಬುದ್ಧನ ನಾಮಸ್ಮರಣೆಯೇ ಸಾಧನೆ. ದೂರದ ನಾಡಿನಲ್ಲಿ ಸತ್ತವರಿಗೆ ಅಂತ್ಯಕ್ರಿಯೆ ಮಾಡಿಸುವವರು ಬೇಕು, ಹುಟ್ಟಿದ ಮಕ್ಕಳಿಗೆ ಧರ್ಮ ಕಲಿಸುವವರು ಬೇಕು. 1899ರಲ್ಲಿ ಇಬ್ಬರು ಪುರೋಹಿತರು ಜಪಾನಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದರು.

ದುಡಿಯುವವರಿಗೆ ಭಾನುವಾರವೇ ಬಿಡುವು. ಆದ್ದರಿಂದ ಪೂಜೆ ಭಾನುವಾರಕ್ಕೆ ಬಂತು. ಕಾಲಕ್ರಮದಲ್ಲಿ ಸಾಲು ಬೆಂಚುಗಳು, ಆರ್ಗನ್ ವಾದ್ಯ, ಮಕ್ಕಳಿಗೆ ಭಾನುವಾರದ ಪಾಠಶಾಲೆಯೂ ಬಂದವು. ಆದರೂ ಸಂಶಯ ತಪ್ಪಲಿಲ್ಲ. 1913ರ ಕ್ಯಾಲಿಫೋರ್ನಿಯದ ಕಾನೂನು ಅವರಿಗೆ ಜಮೀನಿನ ಒಡೆತನ ನಿರಾಕರಿಸಿತು. 1924ರ ಕಾನೂನು ಜಪಾನೀಯರ ವಲಸೆಯನ್ನೇ ನಿಲ್ಲಿಸಿತು.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದೊಡನೆ ಅನೇಕ ಬೌದ್ಧ ಪುರೋಹಿತರು ಬಂಧನಕ್ಕೊಳಗಾದರು. ಭಯದಿಂದ ಹಲವು ಕುಟುಂಬಗಳು ಜಪಾನಿ ಗ್ರಂಥಗಳನ್ನು ಸುಟ್ಟವು. 1942ರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮುಳ್ಳುತಂತಿಯೊಳಗೂ ಪೂಜೆ ನಿಲ್ಲಲಿಲ್ಲ. ಮಂಜನಾರ್ ಶಿಬಿರದ ಸ್ಮಶಾನದಲ್ಲಿ 1943ರಲ್ಲಿ ಎದ್ದ ಸ್ಮಾರಕಸ್ತಂಭವನ್ನು ರೂಪಿಸಿದವರು ಕ್ಯಾಥೊಲಿಕ್ ಕಲ್ಲುಕೆಲಸಗಾರ. ಅದರ ಅಕ್ಷರಗಳನ್ನು ಬರೆದವರು ಬೌದ್ಧ ಪುರೋಹಿತ.

1944ರಲ್ಲಿ ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿದ್ದಾಗಲೇ ಈ ಪಂಥದ ಸಂಸ್ಥೆ 'ಬುದ್ಧಿಸ್ಟ್ ಚರ್ಚಸ್ ಆಫ್ ಅಮೆರಿಕ' ಎಂಬ ಹೊಸ ಹೆಸರು ತಳೆಯಿತು. ಇದು ಹೊಂದಾಣಿಕೆಯೋ, ಶರಣಾಗತಿಯೋ? ಬಂಧನದಲ್ಲಿದ್ದವರು ಮಾಡಿದ ಆಯ್ಕೆಯನ್ನು ಪೂರ್ಣ ಸ್ವತಂತ್ರ ಎನ್ನುವಂತಿಲ್ಲ. ಆದರೆ ಬದಲಾದದ್ದು ಹೊರಗಿನ ಫಲಕ, ಒಳಗಿನ ನಾಮಸ್ಮರಣೆಯಲ್ಲ. ಯುದ್ಧ ಮುಗಿದು ಜನ ಮರಳಿದಾಗ ಮನೆ ಕಳೆದುಕೊಂಡವರಿಗೆ ಹಲವು ಮಂದಿರಗಳೇ ತಂಗುದಾಣಗಳಾದವು.

ಬಂಧನ ಅನ್ಯಾಯವೆಂದು ಅಮೆರಿಕ ಸರ್ಕಾರ ಒಪ್ಪಿ, ಬದುಕುಳಿದ ಪ್ರತಿಯೊಬ್ಬರಿಗೆ 20,000 ಡಾಲರ್ ಪರಿಹಾರ ಘೋಷಿಸಿದ್ದು 1988ರಲ್ಲಿ. ಸಂಸ್ಥೆಯ ಹೆಸರಿನಲ್ಲಿ 'ಚರ್ಚು' ಇಂದಿಗೂ ಉಳಿದಿದೆ. ಆದರೆ ಅದಕ್ಕೆ ಸೇರಿದ ಹಲವು ಮಂದಿರಗಳು ತಮ್ಮನ್ನು 'ಟೆಂಪಲ್' ಎಂದೇ ಕರೆದುಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ಶಿಶು ಬುದ್ಧನ ವಿಗ್ರಹಕ್ಕೆ ಸಿಹಿ ಚಹದ ಅಭಿಷೇಕ, ಬೇಸಿಗೆಯಲ್ಲಿ ಹಿರಿಯರ ನೆನಪಿನ ಓಬೋನ್ ನೃತ್ಯ ನಡೆಯುತ್ತವೆ. ಕುಣಿಯುವವರ ಸಾಲಿನಲ್ಲಿ ನೆರೆಹೊರೆಯ ಅನ್ಯಧರ್ಮೀಯರೂ ಸೇರಿರುತ್ತಾರೆ.